ಯೊಸೆಮಿಟಿಗೆ ಬಂದ ಗಾಡಿಗಳು, ಅಲ್ಲಿಂದ ಹೋದ ಮನೆಗಳು

ಅಪ್ಪ ಅಮೆರಿಕಕ್ಕೆ ಬಂದಿದ್ದು ಒಂದೇ ಸಲ, 2014ರ ಬೇಸಿಗೆಯಲ್ಲಿ. ಆಗ ನಾನು ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದೆ. ಬಂದವರಿಗೆಲ್ಲ ತೋರಿಸುವ ಹಾಗೆ ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರಿನ ದೇವಸ್ಥಾನ, ನಮ್ಮ ಆಫೀಸಿನ ಕಟ್ಟಡ ಎಲ್ಲ ತೋರಿಸಿದ್ದಾಯ್ತು. ಎರಡನೇ ವಾರಕ್ಕೇ ಅಪ್ಪನಿಗೆ ಬೇಜಾರು ಶುರು. ‘ಇಲ್ಲೆಲ್ಲೂ ಗುಡ್ಡ ಇಲ್ವೇನೋ?’ ಅಂತ ಕೇಳಿದರು. ಸಾಗರದ ಕಡೆಯವರಿಗೆ ಕಣ್ಣೆದುರು ಒಂದು ಗುಡ್ಡ ಇಲ್ಲದಿದ್ದರೆ ಊಟ ಸೇರುವುದಿಲ್ಲ. ಸರಿ, ಒಂದು ವ್ಯಾನು ಬಾಡಿಗೆಗೆ ತಗೊಂಡು ಯೊಸೆಮಿಟಿಗೆ ಹೊರಟೆವು.

ಹಿಂದಿನ ಸೀಟು ಮಡಚಿದರೆ ಹಾಸಿಗೆಯಾಗುವಂಥ ವ್ಯಾನು. ಅಪ್ಪ ಅಮ್ಮ ವ್ಯಾನಿನೊಳಗೆ. ನಾನು, ಹೆಂಡತಿ, ಮಗಳು ಪಕ್ಕದಲ್ಲೇ ಟೆಂಟಿನಲ್ಲಿ. ಡಬ್ಬಿಗಳ ತುಂಬ ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ. ಆದರೆ ಇವನ್ನು ರಾತ್ರಿ ವ್ಯಾನಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಕರಡಿ ಬರುತ್ತೆ! ಪ್ರತಿಯೊಂದು ಟೆಂಟಿನ ಜಾಗದಲ್ಲೂ ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ತಿನ್ನುವ ವಸ್ತುವೆಲ್ಲ ಅದರೊಳಗೆ ಹೋಗಬೇಕು. ‘ಉಪ್ಪಿನಕಾಯಿಗೂ ತಿಜೋರಿ ಮಾಡಿಟ್ಟಿದ್ದಾರಲ್ಲ’ ಅಂತ ಅಮ್ಮನಿಗೆ ಒಂದೇ ನಗು.

ನಗುವ ವಿಷಯವೇನೂ ಅಲ್ಲ. 2001ರಿಂದ 2007ರವರೆಗೆ ಯೊಸೆಮಿಟಿಯಲ್ಲಿ ಕರಡಿಗಳು ಒಡೆದು ನುಗ್ಗಿದ ಗಾಡಿಗಳ ಲೆಕ್ಕ ಇಟ್ಟವರು 2009ರಲ್ಲಿ ಅದನ್ನು ಪ್ರಕಟಿಸಿದರು. ಒಂಬೈನೂರಕ್ಕೂ ಹೆಚ್ಚು ಗಾಡಿಗಳು. ಅದರಲ್ಲಿ ಮಿನಿವ್ಯಾನುಗಳದ್ದೇ ದೊಡ್ಡ ಪಾಲು. ಅಲ್ಲಿ ನಿಲ್ಲುತ್ತಿದ್ದ ಒಟ್ಟು ಗಾಡಿಗಳಲ್ಲಿ ಮಿನಿವ್ಯಾನು ಹತ್ತರಲ್ಲಿ ಒಂದೂ ಇರಲಿಲ್ಲ, ಆದರೂ ಕರಡಿಗಳಿಗೆ ಅದೇ ಬೇಕು. ವ್ಯಾನು ಅಂದರೆ ಮಕ್ಕಳು, ಮಕ್ಕಳು ಅಂದರೆ ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ. ಕರಡಿಗೂ ಇದು ಗೊತ್ತಾಗಿದೆ ಅಂತ ಕಾಣುತ್ತೆ :-)

ಆ ರಾತ್ರಿ ಬೆಂಕಿ ಹಾಕಿಕೊಂಡು ಕೂತಿದ್ದೆವು. ಎರಡೂ ಕಡೆ ಮೂರು ಸಾವಿರ ಅಡಿ ಎತ್ತರದ ಕಲ್ಲಿನ ಗೋಡೆ, ನಡುವೆ ಒಂದು ಪಟ್ಟಿ ಆಕಾಶ. ಸುತ್ತಲೂ ನೂರಾರು ಟೆಂಟು, ವ್ಯಾನು, ಬಸ್ಸಿನಷ್ಟು ದೊಡ್ಡ ಮನೆಗಾಡಿಗಳು. ಅಪ್ಪ ಅದನ್ನೆಲ್ಲ ನೋಡುತ್ತಾ, ‘ಮನೆ ಸಾಮಾನೆಲ್ಲ ಗಾಡಿಗೆ ಹೇರಿಕೊಂಡು ಹೊರಟಿದ್ದು ನಂಗೆ ಇದು ಎರಡನೇ ಸಲ’ ಅಂದರು. ಮೊದಲನೆಯದು ಯಾವುದು ಅಂತ ನಾನು ಕೇಳಬೇಕಾಗಿರಲಿಲ್ಲ. ಮುಳುಗಡೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದಕ್ಕಿಂತ ಒಂದೆರಡು ವರ್ಷ ಮುಂಚೆಯೇ ನಮ್ಮ ಅಜ್ಜ ಮನೆಯ ಹೆಂಚು ಇಳಿಸಿ, ಕಂಬ, ತೊಲೆ, ಬಾಗಿಲು ಎಲ್ಲ ಬಿಚ್ಚಿ ಲಾರಿಗೆ ಹೇರಿದ್ದರು. ಹತ್ತು ವರ್ಷದ ಹುಡುಗ ಅಪ್ಪ ಆ ತೊಲೆಗಳ ಮೇಲೆ ಕೂತು ಬಂದಿದ್ದರಂತೆ. ಮಜಾ ಅನ್ನಿಸಿತ್ತಂತೆ. ಅಜ್ಜಿ ಯಾಕೆ ಅಳುತ್ತಿದ್ದಾಳೆ ಅಂತ ಗೊತ್ತಾಗಿರಲಿಲ್ಲವಂತೆ.

ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಕೇಳಿದರು. ‘ಇಲ್ಲಿ ಮುಂಚೆ ಯಾರಿದ್ದಿದ್ರು?’

‘ಯಾರೂ ಇರ್ಲಿಲ್ಲ ಅಪ್ಪ, ಬರೀ ಕಾಡು. ಅದಕ್ಕೇ ನ್ಯಾಷನಲ್ ಪಾರ್ಕ್ ಮಾಡಿದ್ದು’ ಅಂದೆ.

ಎಷ್ಟು ಸಲೀಸಾಗಿ ಹೇಳಿದೆ ಅಂತ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ‘ಇಷ್ಟು ಒಳ್ಳೆ ನೀರಿದೆ, ಯಾರೂ ಇರ್ಲಿಲ್ವ?’ ಅಂತ ಅಪ್ಪ ಇನ್ನೊಂದು ಸಲ ಕೇಳಿ ಸುಮ್ಮನಾದರು. ನಾನು ಹೇಳಿದ್ದು ತಪ್ಪು ಅಂತ ನನಗೆ ತಿಳಿದಿದ್ದು ಬಹಳ ತಡವಾಗಿ, ಓದುತ್ತಾ ಹೋದಾಗ. ಆ ತಪ್ಪು ಉತ್ತರವನ್ನು ತಿದ್ದೋಣ ಅಂತ ಇದನ್ನು ಬರೀತಾ ಇದೀನಿ.

ಆ ಕಣಿವೆಗೆ ಅಲ್ಲಿಯ ಜನ ಇಟ್ಟುಕೊಂಡಿದ್ದ ಹೆಸರು ಅಹ್ವಾನಿ. ತೆರೆದ ಬಾಯಿಯಂಥ ಜಾಗ ಅಂತ ಅರ್ಥ. ಅಲ್ಲಿದ್ದವರು ಅಹ್ವಾನೀಚಿ ಜನ. ಓಕ್ ಮರದ ಕಾಯಿಗಳನ್ನು ಒಣಗಿಸಿ, ಕುಟ್ಟಿ, ನೀರು ಹಾಯಿಸಿ ಕಹಿ ತೆಗೆದು ಅಂಬಲಿ ಮಾಡಿಕೊಳ್ಳುವುದು ಅವರ ಊಟ. ಓಕ್ ಮರಗಳು ಚೆನ್ನಾಗಿ ಬರಲಿ ಅಂತ ಆಗಾಗ ನೆಲಕ್ಕೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಹೊರಗಿನವರು ಬಂದಾಗ ಕಂಡ ಆ ‘ಉದ್ಯಾನದಂಥ’ ಹುಲ್ಲುಗಾವಲು ತಾನೇ ತಾನಾಗಿ ಆಗಿದ್ದಲ್ಲ. ನಮ್ಮ ಸೊಪ್ಪಿನ ಬೆಟ್ಟಗಳ ಹಾಗೆ, ಮನುಷ್ಯರು ನೋಡಿಕೊಂಡು ಇಟ್ಟಿದ್ದ ಕಾಡು ಅದು.

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಜನ ನುಗ್ಗಿದರು, ಜಗಳಗಳಾದವು. 1851ರ ಮಾರ್ಚಿನಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಪಡೆ ಈ ಜನರನ್ನು ಹಿಡಿದು ಮೀಸಲು ಪ್ರದೇಶಕ್ಕೆ ಸಾಗಿಸುವುದಕ್ಕೆ ಅಂತ ಕಣಿವೆಯೊಳಗೆ ಬಂತು. ಮನೆಗಳನ್ನೂ ಕೂಡಿಟ್ಟ ಓಕ್ ಕಾಯಿಗಳನ್ನೂ ಸುಟ್ಟರು. ಹಿಡಿದವರಲ್ಲಿ ಮುಖಂಡ ಟೆನಾಯಾನ ಕಿರಿಯ ಮಗನೂ ಇದ್ದ, ಅವನನ್ನು ಗುಂಡಿಕ್ಕಿ ಕೊಂದರು. ಯೊಸೆಮಿಟಿ ಅಂತ ಕಣಿವೆಗೆ ಹೆಸರಿಟ್ಟಿದ್ದು ಇದೇ ಪಡೆಯವರು. ಅದು ಆ ಜನರ ಹೆಸರು, ಕರಡಿ ಅಂತ ಅರ್ಥ ಎಂದು ಅವರು ಅಂದುಕೊಂಡಿದ್ದರು. ‘ಅವರು ಕೊಲ್ಲುವವರು’ ಅಂತ ಸುತ್ತಲಿನ ಬುಡಕಟ್ಟಿನವರು ಇವರನ್ನು ಕರೆಯುತ್ತಿದ್ದ ಹೆಸರು ಅದು ಎಂದು ಆಮೇಲಿನ ಭಾಷಾಶಾಸ್ತ್ರಜ್ಞರು ಹೇಳಿದರು. ಯಾರು ಯಾರನ್ನು ಕೊಂದರು ಅಂತ ನೋಡಿದರೆ ಆ ಹೆಸರು ಎಂಥ ವಿಚಿತ್ರ ನೋಡಿ.

ಎರಡನೇ ದಿನ ನಾವು ವ್ಯಾನು ಹತ್ತಿ ಮೇಲಿನ ಟಯೋಗಾ ರಸ್ತೆಯಲ್ಲಿ ಹೋಗಿದ್ದೆವು. ದಾರಿಯಲ್ಲಿ ಒಂದು ಸರೋವರ, ಸುತ್ತ ನುಣ್ಣಗೆ ಹೊಳೆಯುವ ಬಂಡೆ. ಅಪ್ಪ ಪ್ಯಾಂಟು ಮಡಚಿಕೊಂಡು ಇಳಿದೇಬಿಟ್ಟರು, ಒಂದೇ ಕ್ಷಣಕ್ಕೆ ‘ಅಯ್ಯಯ್ಯೋ ಚಳಿ’ ಅಂತ ಮೇಲೆ ಬಂದರು. ಅದೇ ಟೆನಾಯಾ ಸರೋವರ. ಟೆನಾಯಾನ ಜನರನ್ನು ಕೊನೆಗೆ ಸೆರೆ ಹಿಡಿದಿದ್ದು ಅದೇ ದಡದಲ್ಲಿ. ಪಡೆಯಲ್ಲಿದ್ದ ಬನೆಲ್ ಎಂಬಾತ, ಈ ಸರೋವರಕ್ಕೆ ನಿನ್ನದೇ ಹೆಸರಿಡುತ್ತೇವೆ ಎಂದು ಟೆನಾಯಾನಿಗೆ ದೊಡ್ಡ ಉಪಕಾರ ಮಾಡಿದಂತೆ ಹೇಳಿದನಂತೆ. ಅದಕ್ಕೆ ಆಗಲೇ ಒಂದು ಹೆಸರಿದೆಯಲ್ಲ ಅಂತ ಟೆನಾಯಾ ಉತ್ತರ ಕೊಟ್ಟನಂತೆ. ಪೈವಿಯಾಕ್, ಹೊಳೆಯುವ ಬಂಡೆಗಳ ಜಾಗ. ಇದನ್ನು ಬರೆದಿಟ್ಟವನು ಬನೆಲ್ಲೇ. ಹೆಸರು ಮಾತ್ರ ಟೆನಾಯಾ ಅಂತಲೇ ಉಳಿಯಿತು. ಊರು ಮುಳುಗಿಸಿ, ಆಮೇಲೆ ಬಡಾವಣೆಗೆ ಆ ಊರಿನ ಹೆಸರು ಇಟ್ಟ ಹಾಗೆ.

ನಾಲ್ಕೇ ವರ್ಷದಲ್ಲಿ, 1855ರಲ್ಲಿ, ಮೊದಲ ಪ್ರವಾಸಿಗರ ತಂಡ ಬಂತು. ಆಗ ಗಾಡಿ ರಸ್ತೆ ಇರಲಿಲ್ಲ, ಕುದುರೆ ಅಥವಾ ಹೇಸರಗತ್ತೆಯ ಮೇಲೆ ಎರಡು ಮೂರು ದಿನದ ದಾರಿ. 1864ರ ಜೂನ್ 30ರಂದು ಅಧ್ಯಕ್ಷ ಲಿಂಕನ್ ಈ ಕಣಿವೆಯನ್ನು ಸಾರ್ವಜನಿಕರ ಉಪಯೋಗಕ್ಕೆ ಅಂತ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಒಪ್ಪಿಸುವ ಕಾನೂನಿಗೆ ಸಹಿ ಹಾಕಿದಾಗ, ಅಲ್ಲಿಯವರೆಗೂ ಬಂದಿದ್ದ ಪ್ರವಾಸಿಗರ ಒಟ್ಟು ಲೆಕ್ಕ ಕೇವಲ 653. ನಾವು ಹೋದ ದಿನ ಅಷ್ಟು ಜನ ಶೌಚಾಲಯದ ಸಾಲಿನಲ್ಲೇ ಇದ್ದರು ಅನ್ನಿಸುತ್ತೆ!

ಗಾಲಿ ಉರುಳಿದ್ದು 1874ರಲ್ಲಿ. ಆ ವರ್ಷ ಒಂದರ ಹಿಂದೊಂದು ಎರಡು ಗಾಡಿ ರಸ್ತೆಗಳು ಕಣಿವೆಗೆ ಇಳಿದವು, ಮರುವರ್ಷ ವವೋನಾ ಕಡೆಯಿಂದ ಮೂರನೆಯದು. ಕುದುರೆ ಸಾರೋಟುಗಳ ಜೊತೆಗೆ ಸ್ವಂತ ಗಾಡಿಯಲ್ಲಿ ಅಕ್ಕಿಬೇಳೆ, ಹಾಸಿಗೆ, ಮಕ್ಕಳನ್ನು ಹೇರಿಕೊಂಡು ಸಂಸಾರಗಳು ಬರತೊಡಗಿದವು. (ಅಕ್ಕಿಬೇಳೆ ಅಲ್ಲ ಬಿಡಿ, ಅವರ ಹಿಟ್ಟು ಮತ್ತು ಹಂದಿಮಾಂಸ.) 1878ರಲ್ಲಿ ಹ್ಯಾರಿಸ್ ಎಂಬಾತ ಅಂಥವರಿಗೆ ಅಂತಲೇ ಒಂದು ಬಿಡಾರದ ಜಾಗ ತೆರೆದ. ಟೆಂಟು ಬಾಡಿಗೆ, ಕುದುರೆಗೆ ಮೇವು, ಮಕ್ಕಳಿಗೆ ಹಾಲು. 1899ರಲ್ಲಿ ಕರ್ರಿ ಎಂಬ ಮೇಷ್ಟ್ರ ದಂಪತಿ ಏಳು ಟೆಂಟು ಹೊಡೆದು ಶುರು ಮಾಡಿದ್ದು ಆಮೇಲೆ ಒಂದು ಊರೇ ಆಯ್ತು. ಮೇಲೆ ಹತ್ತುವ ಕಾಲುದಾರಿಗಳೂ ಅದೇ ಕಾಲದವು. ಯೊಸೆಮಿಟಿ ಜಲಪಾತದ ನೆತ್ತಿಗೆ ಹೋಗುವ ದಾರಿಯನ್ನು ಜಾನ್ ಕಾನ್‌ವೇ ಎಂಬಾತ 1873ರಿಂದ ಶುರು ಮಾಡಿ ಕಟ್ಟಿದ, ಹತ್ತುವವರಿಂದ ಸುಂಕ ತಗೊಳ್ಳುತ್ತಿದ್ದ. ಇವತ್ತಿಗೂ ಚಾರಣಿಗರು ಹತ್ತುವುದು ಅದೇ ದಾರಿ.

ಈ ರಸ್ತೆಗಳನ್ನು ಕಡಿದವರು ಯಾರು? ವವೋನಾ ರಸ್ತೆಯನ್ನು ಚಳಿಗಾಲದ ಹಿಮದಲ್ಲಿ ಗುದ್ದಲಿ, ಪಿಕಾಸಿ ಹಿಡಿದು ಕಡಿದವರು ಚೀನಾದಿಂದ ಬಂದ ಕೂಲಿಯವರು. ನಾವು ಹೋದ ಟಯೋಗಾ ರಸ್ತೆಯದ್ದೂ ಅದೇ ಕಥೆ. ಒಂದು ಬೆಳ್ಳಿ ಗಣಿಗೋಸ್ಕರ 1882-83ರಲ್ಲಿ ಅದನ್ನು ಕಡಿದರು. 56 ಮೈಲಿ, 130 ದಿನ. ಸುಮಾರು 250 ಚೀನೀಯರು, 90 ಬಿಳಿಯರು. 9,945 ಅಡಿ ಎತ್ತರದ ಕಣಿವೆ ಬಾಯಿಯವರೆಗೆ! ಚೀನೀ ಕೂಲಿಗಳು ಇನ್ನು ಅಮೆರಿಕಕ್ಕೆ ಬರಕೂಡದು ಅಂತ ಕಾನೂನಾಗಿದ್ದೂ ಅದೇ 1882ರಲ್ಲಿ. ಮಾರನೇ ವರ್ಷವೇ ಗಣಿ ಮುಚ್ಚಿತು, ರಸ್ತೆ ಪಾಳು ಬಿತ್ತು. 1915ರಲ್ಲಿ ಸ್ಟೀಫನ್ ಮ್ಯಾಥರ್ ಎಂಬ ಶ್ರೀಮಂತ ಅದನ್ನು 15,500 ಡಾಲರಿಗೆ ಕೊಂಡು ಸರ್ಕಾರಕ್ಕೆ ಒಪ್ಪಿಸಿದ. ಖರ್ಚಿನಲ್ಲಿ ಅರ್ಧದಷ್ಟು ಅವನ ಸ್ವಂತ ದುಡ್ಡು, ಉಳಿದಿದ್ದು ಕೂಡಿಸಿದ್ದು. ಮುಂದೆ ನ್ಯಾಷನಲ್ ಪಾರ್ಕ್ ಸರ್ವಿಸಿನ ಮೊದಲ ನಿರ್ದೇಶಕ ಆದವನು ಇವನೇ. ಚೀನೀ ಕೆಲಸಗಾರರ ನೆನಪಿಗೆ ವವೋನಾದ ಹಳೇ ಲಾಂಡ್ರಿ ಕಟ್ಟಡದಲ್ಲಿ ಪ್ರದರ್ಶನ ತೆರೆದಿದ್ದು 2021ರಲ್ಲಿ. ರಸ್ತೆ ಕಡಿದು ನೂರನಲವತ್ತು ವರ್ಷವಾದ ಮೇಲೆ.

ಇಷ್ಟೆಲ್ಲ ಆಗುವಾಗ ಅಹ್ವಾನೀಚಿ ಜನ ಎಲ್ಲಿ ಹೋಗಿದ್ದರು? ಎಲ್ಲೂ ಹೋಗಿರಲಿಲ್ಲ. ಓಡಿಸಿದವರು ಮೆಲ್ಲಗೆ ವಾಪಸ್ ಬಂದಿದ್ದರು. ಹೋಟೆಲುಗಳಲ್ಲಿ ಬಟ್ಟೆ ಒಗೆದು, ಸೌದೆ ಒಡೆದು, ಮೀನು ಹಿಡಿದು ಮಾರಿ, ಬುಟ್ಟಿ ಹೆಣೆದು ತಮ್ಮದೇ ಕಣಿವೆಯಲ್ಲಿ ಕೂಲಿಯವರಾಗಿ ಬದುಕುತ್ತಿದ್ದರು. 1890ರ ಸುಮಾರಿಗೆ ಅವರ ಹೆಸರಿನಲ್ಲಿ ಅಮೆರಿಕದ ಸಂಸತ್ತಿಗೆ ಒಂದು ಅರ್ಜಿ ಹೋಯಿತು. ಬಿಳಿಯರ ಹೋಟೆಲುಗಳಿಂದ ಎಲ್ಲ ದಿಕ್ಕಿಗೂ ಹೊರಟ ಧೂಳಿನ ರಸ್ತೆಗಳು ಕಣಿವೆಯನ್ನು ಕತ್ತರಿಸಿ ಹಾಕಿವೆ, ಬೇಲಿಗಳು ಬಂದಿವೆ, ದನ-ಕುದುರೆಗಳು ನಮ್ಮ ಆಹಾರದ ಗಿಡಗಳನ್ನು ತುಳಿದಿವೆ, ಬಂದವರೆಲ್ಲ ದುಡ್ಡಿಗಾಗಿಯೇ ಬಂದಂತಿದೆ ಎಂಬುದು ಅದರ ಸಾರ. ಈ ಜಾಗಕ್ಕೆ ಪರಿಹಾರವಾಗಿ ಹತ್ತು ಲಕ್ಷ ಡಾಲರು ಕೊಡಿ ಅಂತ ಕೇಳಿದ್ದರು. ಒಂದು ಡಾಲರೂ ಸಿಗಲಿಲ್ಲ. ಸಿಕ್ಕಿದ್ದು 1890ರ ಅಕ್ಟೋಬರಿನಲ್ಲಿ ಕಣಿವೆಯ ಸುತ್ತಲೂ ಒಂದು ನ್ಯಾಷನಲ್ ಪಾರ್ಕ್.

ಈ ಅರ್ಜಿಯ ಬಗ್ಗೆ ಓದಿದಾಗ ನನಗೆ ತಟ್ಟನೆ ನೆನಪಾಗಿದ್ದು ನಮ್ಮ ಮನೆಯ ಹಳೇ ಟ್ರಂಕು. ಅದರ ತಳದಲ್ಲಿ ಅಜ್ಜನ ಅರ್ಜಿಗಳ ನಕಲಿನ ಒಂದು ಕಟ್ಟು ಇನ್ನೂ ಇದೆ.

ಇನ್ನು ಕಾರುಗಳು. 1900ರ ಬೇಸಿಗೆಯಲ್ಲಿ ಆಲಿವರ್ ಲಿಪಿನ್‌ಕಾಟ್ ಎಂಬ ಫೋಟೋಗ್ರಾಫರ್ ಉಗಿಯಿಂದ ಓಡುವ ಒಂದು ಲೋಕೋಮೊಬೀಲ್ ಕಾರಿನಲ್ಲಿ ಕಣಿವೆಗೆ ಬಂದ. ಕುದುರೆಗಳು ಬೆದರುತ್ತವೆ ಅಂತ 1907ರಲ್ಲಿ ಕಾರುಗಳನ್ನು ನಿಷೇಧಿಸಿದರು. 1912ರ ಅಕ್ಟೋಬರಿನಲ್ಲಿ ಇದರ ಬಗ್ಗೆ ಯೊಸೆಮಿಟಿಯಲ್ಲೇ ಒಂದು ಸಭೆ ನಡೆಯಿತು. ಈ ಪರ್ವತಗಳ ಬಗ್ಗೆ ಬರೆದೂ ಬರೆದೂ ಜಗತ್ತಿಗೆ ತೋರಿಸಿದ ಜಾನ್ ಮ್ಯೂರ್ ಕೂಡ ಅಲ್ಲಿದ್ದರು. ಅವರು ಕಾರುಗಳನ್ನು ಜೀರುಂಡೆಗೆ ಹೋಲಿಸಿ ಒಂದು ಪತ್ರದಲ್ಲಿ ತಮಾಷೆ ಮಾಡಿದ್ದರು, ಆದರೆ ಅವು ಬಂದೇ ಬರುತ್ತವೆ ಅಂತಲೂ ಒಪ್ಪಿಕೊಂಡಿದ್ದರು. ಪರ್ವತ ಉಳಿಯಬೇಕಾದರೆ ಅದನ್ನು ಪ್ರೀತಿಸುವ ಜನ ಬೇಕು, ಜನ ಬರಬೇಕಾದರೆ ಗಾಡಿ ಬೇಕು ಎಂಬುದು ಅವರ ಗೆಳೆಯರ ಲೆಕ್ಕ. ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಅದೇ ಪಾರ್ಕಿನೊಳಗಿನ ಇನ್ನೊಂದು ಚೆಲುವಾದ ಕಣಿವೆ ಹೆಚ್ ಹೆಚಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರಿಗಾಗಿ ಮುಳುಗಿಸಲು 1913ರಲ್ಲಿ ಅನುಮತಿ ಸಿಕ್ಕಿತು, 1923ಕ್ಕೆ ಅಣೆಕಟ್ಟು ಎದ್ದಿತು. ಅಲ್ಲಿಗೆ ಹೋಗಿ ನೋಡಿದವರು ಕಡಿಮೆ, ಹಾಗಾಗಿ ಅದಕ್ಕಾಗಿ ಅತ್ತವರೂ ಕಡಿಮೆ. ಮುಳುಗಡೆಯವನ ಮಗನಾಗಿ ನಾನು ಆ ಸೋಲನ್ನು ಹಗುರವಾಗಿ ತೆಗೆದುಕೊಳ್ಳಲಾರೆ.

1913ರಲ್ಲೇ ಕಣಿವೆಗೆ ಕಾರುಗಳು ಬರಬಹುದು ಅಂತಾಯ್ತು. ಮೊದಲ ವರ್ಷಗಳ ನಿಯಮಗಳು ಮಜವಾಗಿವೆ. ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಇಷ್ಟು ಹೊತ್ತು ಅಂತ ಬರೆದುಕೊಳ್ಳುತ್ತಿದ್ದರು, ಅದಕ್ಕಿಂತ ಬೇಗ ಬಂದರೆ ದಂಡ! ಕುದುರೆ ಎದುರಾದರೆ ಕಾರು ನಿಲ್ಲಿಸಿ ದಾರಿ ಬಿಡಬೇಕಿತ್ತು. ಇದೆಲ್ಲ ಬಹಳ ದಿನ ನಡೆಯಲಿಲ್ಲ. 1926ರಲ್ಲಿ ವರ್ಷವಿಡೀ ತೆರೆದಿರುವ ಹೆದ್ದಾರಿ ಬಂತು. 1927ರಲ್ಲಿ ಬಂದವರು ಸುಮಾರು 4 ಲಕ್ಷ 90 ಸಾವಿರ. 1954ರಲ್ಲಿ ಹತ್ತು ಲಕ್ಷ ದಾಟಿತು, 2016ರಲ್ಲಿ ಐವತ್ತು ಲಕ್ಷ. ಇಪ್ಪತ್ತರ ದಶಕದಲ್ಲಿ ಕಾರುಗಳು ಹುಲ್ಲುಗಾವಲಿನ ಮೇಲೇ ಹಾದು, ಎಲ್ಲಿ ಬೇಕೋ ಅಲ್ಲಿ ಬಿಡಾರ ಹೂಡುತ್ತಿದ್ದವು. ಕಸ ತಿನ್ನಲು ಬರುವ ಕರಡಿಗಳನ್ನು ರಾತ್ರಿ ದೀಪ ಹಾಕಿ ಜನರಿಗೆ ತೋರಿಸುವ ಆಟ 1940ರವರೆಗೂ ನಡೆಯಿತು. ಇವತ್ತು ವ್ಯಾನಿನ ಬಾಗಿಲು ಕೀಳುವ ಕರಡಿಗಳ ಮುತ್ತಜ್ಜ ಮುತ್ತಜ್ಜಿಯರಿಗೆ ಆ ಪಾಠ ಹೇಳಿಕೊಟ್ಟವರು ನಾವೇ.

ಕಾರಿನ ಹಿಂದೆಯೇ ವ್ಯಾನು. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬ್ರೆಡ್ಡಿನ ತುಂಡಿನಂಥ ಒಂದು ಗಾಡಿಯ ಚಿತ್ರ ಗೀಚಿದ. 1950ರಲ್ಲಿ ಜರ್ಮನಿಯಲ್ಲಿ ಅದು ಫೋಕ್ಸ್‌ವ್ಯಾಗನ್ ವ್ಯಾನಾಗಿ ಹೊರಬಂತು. ಮರುವರ್ಷ ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದರೊಳಗೆ ಮಡಚುವ ಹಾಸಿಗೆ, ಕಪಾಟು ಇಟ್ಟು ಮನೆ ಮಾಡಿತು. ಅರವತ್ತರ ದಶಕಕ್ಕೆ ಅಮೆರಿಕದ ಹುಡುಗ ಹುಡುಗಿಯರು ಅಂಥ ವ್ಯಾನುಗಳಲ್ಲಿ ದೇಶ ಸುತ್ತತೊಡಗಿದರು. ಪರ್ವತ ನೋಡಲು ಶ್ರೀಮಂತನಾಗಿರಬೇಕಿಲ್ಲ, ಒಂದು ಹಳೇ ವ್ಯಾನಿದ್ದರೆ ಸಾಕು ಎಂಬ ಆ ಸ್ವಾತಂತ್ರ್ಯವನ್ನು ನಾನು ಸಣ್ಣದು ಅನ್ನಲಾರೆ. ನಮ್ಮಪ್ಪನೂ ಅದೇ ಸ್ವಾತಂತ್ರ್ಯದಲ್ಲಿ ಎರಡು ರಾತ್ರಿ ಮಲಗಿದ್ದು. ಆದರೆ ಆ ಹುಡುಗರಿಗೂ ಎಲ್ಲ ಸಲೀಸಾಗಿರಲಿಲ್ಲ. 1970ರ ಜುಲೈ 4ರಂದು ಸ್ಟೋನ್‌ಮನ್ ಹುಲ್ಲುಗಾವಲಿನಲ್ಲಿ ನೆರೆದಿದ್ದ ಯುವಕರನ್ನು ರೇಂಜರುಗಳು ಕುದುರೆ ಹತ್ತಿ ಚದುರಿಸಲು ಹೋಗಿ ದೊಡ್ಡ ಗಲಾಟೆಯಾಯ್ತು, ನೂರಕ್ಕೂ ಹೆಚ್ಚು ಜನರನ್ನು ಹಿಡಿದರು.

ಇನ್ನು ನನ್ನನ್ನು ಹೆಚ್ಚು ಕಾಡಿದ ವಿಷಯಕ್ಕೆ ಬರುತ್ತೇನೆ.

ಮೂರನೇ ದಿನ ನಾವು ‘ಕ್ಯಾಂಪ್ 4’ಕ್ಕೆ ಹೋಗಿದ್ದೆವು. ಕಾನ್‌ವೇ ಕಟ್ಟಿದ ಕಾಲುದಾರಿ ಶುರುವಾಗುವುದು ಅಲ್ಲಿಂದಲೇ. ಅಪ್ಪ ತಲೆಗೆ ಟವೆಲು ಸುತ್ತಿ, ಕೈಗೊಂದು ಕೋಲು ಹಿಡಿದು ಸಾವಿರ ಅಡಿ ಮೇಲಿನ ಕೊಲಂಬಿಯಾ ಬಂಡೆಯವರೆಗೆ ನನಗಿಂತ ಮುಂಚೆ ಹತ್ತಿ ಕೂತಿದ್ದರು. ಹತ್ತುವ ಮುಂಚೆ ನಾನು ಕ್ಯಾಂಪ್ 4ರ ಮಹಿಮೆಯನ್ನು ಅವರಿಗೆ ಉತ್ಸಾಹದಿಂದ ವಿವರಿಸಿದ್ದೆ. ಐವತ್ತು-ಅರವತ್ತರ ದಶಕದ ದೊಡ್ಡ ದೊಡ್ಡ ಬಂಡೆ ಏರುವವರೆಲ್ಲ ಇಲ್ಲೇ ಬಿಡಾರ ಹೂಡಿದ್ದು. ರಾಯಲ್ ರಾಬಿನ್ಸ್, ವಾರನ್ ಹಾರ್ಡಿಂಗ್, ತಾನೇ ಕುಟ್ಟಿ ಮಾಡಿದ ಮೊಳೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾರುತ್ತಿದ್ದ ಇವಾನ್ ಶುನಾರ್ಡ್. 1958ರ ನವೆಂಬರಿನಲ್ಲಿ ಎಲ್ ಕ್ಯಾಪಿಟನ್ ಬಂಡೆಯನ್ನು ಮೊದಲ ಬಾರಿ ಏರಿ ಮುಗಿಸಿದ ತಂಡದ ನಾಯಕ ಹಾರ್ಡಿಂಗ್. ಹರಕು ಟೆಂಟು, ಹಳೇ ಕಾರುಗಳಲ್ಲಿ ತಿಂಗಳುಗಟ್ಟಲೆ ಇದ್ದವರು ಇವರು. 1997ರ ಜನವರಿಯ ಪ್ರವಾಹದಲ್ಲಿ ಹೋಟೆಲುಗಳು ಹಾಳಾದಾಗ ಹೊಸ ವಸತಿ ಕಟ್ಟಡಗಳನ್ನು ಈ ಬಿಡಾರದ ಪಕ್ಕಕ್ಕೇ ತರುವ ಯೋಜನೆಯಾಯ್ತು. ಟಾಮ್ ಫ್ರಾಸ್ಟ್ ಮುಂತಾದ ಹಳೇ ಆರೋಹಿಗಳು ಕೋರ್ಟಿಗೆ ಹೋದರು, ಯೋಜನೆ ನಿಂತಿತು. 2003ರಲ್ಲಿ ಕ್ಯಾಂಪ್ 4 ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿ ಸೇರಿತು. ಎಂಥ ಗೆಲುವು ಅಲ್ವಾ ಅಪ್ಪ ಅಂದಿದ್ದೆ.

ಕ್ಯಾಂಪ್ 4ರಿಂದ ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಜಾಗದ ಹೆಸರು ವಾಹೋಗಾ. ಅದರ ಬಗ್ಗೆ ನಾನು ಏನೂ ಹೇಳಲಿಲ್ಲ, ಯಾಕಂದ್ರೆ ನನಗೆ ಗೊತ್ತೇ ಇರಲಿಲ್ಲ.

ಅಲ್ಲಿ ಏನಾಯಿತು ಅಂದರೆ, ಕಣಿವೆಯಲ್ಲಿ ಉಳಿದಿದ್ದ ಅಹ್ವಾನೀಚಿ ಮತ್ತು ಸುತ್ತಲಿನ ಬುಡಕಟ್ಟಿನ ಕುಟುಂಬಗಳನ್ನು ಪಾರ್ಕಿನವರು ಒಂದು ಕಡೆ ಪ್ರವಾಸಿಗರಿಗೆ ಆಕರ್ಷಣೆ ಅಂತ ಬಳಸಿಕೊಳ್ಳುತ್ತಿದ್ದರು. 1916ರಿಂದ 1929ರವರೆಗೆ ‘ಇಂಡಿಯನ್ ಫೀಲ್ಡ್ ಡೇಸ್’ ಅಂತ ಒಂದು ಜಾತ್ರೆ. ಅದಕ್ಕೆ ಇವರು ತಮ್ಮದೇ ಅಲ್ಲದ, ದೂರದ ಬಯಲುನಾಡಿನ ಬುಡಕಟ್ಟುಗಳ ವೇಷ ಹಾಕಿಕೊಂಡು ಬರಬೇಕು; ಪ್ರವಾಸಿಗರು ಸಿನಿಮಾದಲ್ಲಿ ನೋಡಿದ್ದು ಅದನ್ನೇ ತಾನೇ? ಇನ್ನೊಂದು ಕಡೆ ಇವರ ಹಳೇ ಕೇರಿ ಕಣ್ಣಿಗೆ ಚೆನ್ನಾಗಿ ಕಾಣುತ್ತಿಲ್ಲ ಎಂಬ ದೂರು. ಮೂವತ್ತರ ದಶಕದ ಶುರುವಿನಲ್ಲಿ ಆ ಕೇರಿಯನ್ನು ಎಬ್ಬಿಸಿ, ವಾಹೋಗಾದಲ್ಲಿ ಸಣ್ಣ ಸಣ್ಣ ಮನೆ ಕಟ್ಟಿಕೊಟ್ಟರು. ಒಂದೊಂದು ಸುಮಾರು 430 ಚದರಡಿ. ಬಾಡಿಗೆ ಬೇರೆ. ಸಾವಿರಾರು ವರ್ಷದ ತಮ್ಮ ಕಣಿವೆಯಲ್ಲಿ ಬಾಡಿಗೆದಾರರು! 1953ರಲ್ಲಿ, ಪಾರ್ಕಿನ ಕಾಯಂ ನೌಕರರಿದ್ದ ಕುಟುಂಬಕ್ಕೆ ಮಾತ್ರ ಇಲ್ಲಿ ವಾಸ ಅಂತ ನಿಯಮವಾಯ್ತು. ಕೆಲಸ ಹೋದರೆ ಮನೆಯೂ ಹೋಯಿತು. ಖಾಲಿಯಾದ ಮನೆಗಳನ್ನು ಕೆಡವುತ್ತಾ ಬಂದರು. 1969ರಲ್ಲಿ ಉಳಿದವನ್ನು ಬೆಂಕಿ ನಂದಿಸುವ ಅಭ್ಯಾಸಕ್ಕೆ ಅಂತ ಸುಟ್ಟುಹಾಕಿದರು. ಅಲ್ಲಿದ್ದವರಲ್ಲಿ ಕೊನೆಯವರು, ಪಾರ್ಕಿನ ಕಾಡಿನ ಕೆಲಸದಲ್ಲೇ ಇದ್ದವರು, 1996ರ ಡಿಸೆಂಬರಿನಲ್ಲಿ ನಿವೃತ್ತರಾಗಿ ಕಣಿವೆ ಬಿಟ್ಟರು.

ಅಕ್ಕಪಕ್ಕದ ಎರಡು ಜಾಗ. ಒಂದರಲ್ಲಿ ಟೆಂಟು ಹೊಡೆದುಕೊಂಡಿದ್ದವರ ಹತ್ತಿಪ್ಪತ್ತು ವರ್ಷದ ನೆನಪು ರಾಷ್ಟ್ರೀಯ ಸ್ಮಾರಕವಾಯ್ತು. ಇನ್ನೊಂದರಲ್ಲಿ ಮನೆಯಿದ್ದವರ ಮನೆ ಬೂದಿಯಾಯ್ತು. ಆರೋಹಿಗಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೋರಾಡಿದ್ದು ನ್ಯಾಯವಾಗಿಯೇ. ಕಾನೂನು ಬಲ್ಲ ಗೆಳೆಯರು ಅವರಿಗಿದ್ದರು, ಇವರಿಗಿರಲಿಲ್ಲ. ನಾನು ಯೋಚಿಸುತ್ತಿರುವುದು ಬೇರೆ. ನಮ್ಮ ವ್ಯಾನಿಗೆ ಅಲ್ಲಿ ಜಾಗ ಸಿಕ್ಕಿದ್ದು ಹೇಗೆ? ಮನೆಯನ್ನು ಗಾಡಿಯಲ್ಲಿ ಹೊತ್ತು ತರುವವರಿಗೆ ಜಾಗ ಮಾಡಿಕೊಡುವುದಕ್ಕೆ, ಅಲ್ಲೇ ಮನೆ ಇದ್ದವರನ್ನು ಎಬ್ಬಿಸಿದ್ದರು. ಎರಡು ರಾತ್ರಿಗೆ ಬಂದವನು ಅತಿಥಿ, ಹುಟ್ಟಿದಾಗಿನಿಂದ ಇದ್ದವನು ಅತಿಕ್ರಮಣದಾರ.

ಈ ಮಾತು ನಮಗೇನು ಹೊಸದಲ್ಲ. 1989ರಲ್ಲಿ ಬೆಂಗಳೂರಿನಲ್ಲಿದ್ದ ರಾಮಚಂದ್ರ ಗುಹಾ ಒಂದು ಪ್ರಬಂಧ ಬರೆದು, ಮನುಷ್ಯರಿಲ್ಲದ ಕಾಡು ಎಂಬ ಅಮೆರಿಕದ ಕಲ್ಪನೆಯನ್ನು ಭಾರತಕ್ಕೆ ಹಾಗೇ ತಂದು ನೆಟ್ಟರೆ ಬಡವರ ಕೈಯಿಂದ ಕಿತ್ತು ಉಳ್ಳವರ ಕೈಗೆ ಕೊಟ್ಟಂತಾಗುತ್ತದೆ ಅಂತ ವಾದಿಸಿದ್ದರು. ಅದಕ್ಕೆ ಒಂದೇ ವರ್ಷ ಮುಂಚೆ, 1988ರಲ್ಲಿ, ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗಿತ್ತು. ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನಿಂದ ಹೊರಗೆ. ಸಫಾರಿ ಗಾಡಿ ಒಳಗೆ. ತೊಂಬತ್ತರ ದಶಕದಲ್ಲಿ ಅದೇ ಕಾಡಿನೊಳಗೆ ಒಂದು ದೊಡ್ಡ ಹೋಟೆಲೇ ಏಳುತ್ತಿತ್ತು. ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟು ಅದು ಸಲ್ಲದು ಎಂದಿತು. 2025ರ ಮೇ ತಿಂಗಳಿನಲ್ಲಿ ಕೆಲವು ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ಹಾಡಿಯ ಜಾಗಕ್ಕೆ ವಾಪಸ್ ಹೋಗಿ ಗುಡಿಸಲು ಹಾಕಿಕೊಂಡ ಸುದ್ದಿ ನೀವೂ ಓದಿರಬಹುದು. ಹುಲಿ ಉಳಿಯಬೇಡವೇ ಅಂತ ಕೇಳುವವರಿದ್ದಾರೆ. ಉಳಿಯಲೇಬೇಕು. ಆದರೆ ಹುಲಿಗೆ ಹಾಡಿಯ ಗುಡಿಸಲು ತೊಂದರೆ, ನಮ್ಮ ಸಫಾರಿ ಗಾಡಿ ತೊಂದರೆಯಲ್ಲ ಅನ್ನುವ ಲೆಕ್ಕ ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ.

ಯೊಸೆಮಿಟಿಯ ಕಥೆಯಲ್ಲಿ ಇನ್ನೊಬ್ಬರನ್ನು ಹೇಳದೆ ಮುಗಿಸಲಾರೆ. ಟೆನಾಯಾನ ಮೊಮ್ಮಗಳು ಟೊಟುಯಾ. ಮಾರಿಯಾ ಲೆಬ್ರಾಡೋ ಅಂತಲೂ ಹೆಸರು. 1851ರಲ್ಲಿ ಪಡೆಯವರು ಓಡಿಸಿದಾಗ ಪುಟ್ಟ ಹುಡುಗಿ. ಅವಳು ಮತ್ತೆ ಆ ಕಣಿವೆಗೆ ಕಾಲಿಟ್ಟಿದ್ದು 1929ರಲ್ಲಿ, 78 ವರ್ಷಗಳ ನಂತರ. ನೋಡಿ ಬೆರಗಾಗುತ್ತಾಳೆ ಅಂತ ಎಲ್ಲರೂ ಕಾದಿದ್ದರು. ಅವಳು ಕಂಡಿದ್ದು ಮಾತ್ರ ಕಸಕಡ್ಡಿ, ಪೊದೆ. ಬೆಂಕಿ ಕೊಡುವವರಿಲ್ಲದೆ ಹುಲ್ಲುಗಾವಲೆಲ್ಲ ಗಿಡಗಂಟಿ ಬೆಳೆದು ಮುಚ್ಚಿಹೋಗಿದೆ ಅಂತ ಬೇಸರಪಟ್ಟಳಂತೆ. ಲಕ್ಷಾಂತರ ಜನ ಗಾಡಿ ಕಟ್ಟಿಕೊಂಡು ನೋಡಲು ಬರುವ ಸೌಂದರ್ಯ, ಮನೆಯವಳ ಕಣ್ಣಿಗೆ ಗುಡಿಸದೇ ಬಿಟ್ಟ ಅಂಗಳ. 1931ರಲ್ಲಿ ಅವಳು ತೀರಿಕೊಂಡಳು.

ವಾಹೋಗಾದ ಕಥೆ ಅಷ್ಟಕ್ಕೇ ಮುಗಿದಿಲ್ಲ. ಆ ಜನರ ಮಕ್ಕಳು ಮೊಮ್ಮಕ್ಕಳು ದಶಕಗಟ್ಟಲೆ ಕೇಳಿದ ಮೇಲೆ, ಅಲ್ಲಿ ತಮ್ಮ ಸಾಂಪ್ರದಾಯಿಕ ದುಂಡುಮನೆ ಕಟ್ಟಿ, ತಮ್ಮ ವಿಧಿಗಳನ್ನು ಮಾಡಿಕೊಳ್ಳಲು 2018ರಲ್ಲಿ ಪಾರ್ಕಿನ ಜೊತೆ ಒಂದು ಒಪ್ಪಂದವಾಯ್ತು. ಮೂವತ್ತು ವರ್ಷದ್ದು. ಮನೆ ಕಟ್ಟಿ ವಾಸ ಮಾಡುವುದಕ್ಕಲ್ಲ, ಸೇರುವುದಕ್ಕೆ. ಆದರೂ ಸುಟ್ಟ ಜಾಗದಲ್ಲಿ ಮತ್ತೆ ಒಂದು ಸೂರು.

ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಇದೆಲ್ಲ ಓದಿ ಮುಗಿಸಿದ ದಿನ ಫೋನು ಮಾಡಿ, ಅವತ್ತು ನಾನು ಹೇಳಿದ್ದು ತಪ್ಪು ಅಪ್ಪ, ಅಲ್ಲಿ ಜನ ಇದ್ದರು ಅಂತ ಶುರು ಮಾಡಿ ಎಲ್ಲ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಇದ್ದೇ ಇರ್ತಾರೆ ಮಾರಾಯ, ಅಷ್ಟು ನೀರಿದ್ದ ಮೇಲೆ’ ಅಂದರು. ಆಮೇಲೆ, ‘ಅವರ ಜಾಗ ಮುಳುಗಿಲ್ವಲ್ಲ, ಅಷ್ಟಾದರೂ ಪುಣ್ಯ. ಹೋಗಿ ನೋಡಬಹುದು’ ಅಂದರು. ನಮ್ಮ ಅಂಗಳ ಕಾಣಬೇಕಾದರೆ ಮಳೆ ಕೈಕೊಟ್ಟು ಹಿನ್ನೀರು ಪೂರಾ ಇಳಿಯಬೇಕು. ಮಳೆ ಚೆನ್ನಾಗಿ ಆಗಲಿ ಅಂತಲೇ ಬೇಡಿಕೊಳ್ಳುವವರು ಅದಕ್ಕೆ ಆಸೆ ಪಡುವುದು ಹೇಗೆ?

ನೀವು ಯಾರಾದರೂ ಯೊಸೆಮಿಟಿಗೆ ಹೋದರೆ ವ್ಯಾನಿನಲ್ಲೇ ಹೋಗಿ, ಟೆಂಟು ಹೊಡೆಯಿರಿ, ಜಲಪಾತದ ದಾರಿ ಹತ್ತಿ. ಅದರ ಸುಖವೇ ಬೇರೆ. ಹತ್ತುವ ಮುಂಚೆ ಕ್ಯಾಂಪ್ 4ರಿಂದ ಪಶ್ಚಿಮಕ್ಕೆ ಒಂದು ಸ್ವಲ್ಪ ನಡೆದು ಬನ್ನಿ. ಜೊತೆಗೆ ಬಂದ ಹಿರಿಯರು ಇಲ್ಲಿ ಮುಂಚೆ ಯಾರಿದ್ದರು ಅಂತ ಕೇಳಿದರೆ, ನನ್ನ ಹಾಗೆ ಯಾರೂ ಇರ್ಲಿಲ್ಲ ಅಂತ ಮಾತ್ರ ಹೇಳಬೇಡಿ.